ಕ್ಯಾನ್ಸರ್ ಇಂಜೆಕ್ಷನ್ ಆದಮೇಲೆ ಅವ್ವನ ಥೈರಾಯ್ಡ್ ಏರಿದೆ, ಇಂಜೆಕ್ಷನ್ ನಿಲ್ಲಿಸಬೇಕಾ?

ಪ್ರಶ್ನೆ: ನಮ್ಮದು ಹೊಳಲ್ಕೆರೆ ತಾಲ್ಲೂಕಿನ ಹಳ್ಳಿ. ಅವ್ವನಿಗೆ 61 ವರ್ಷ. 14 ವರ್ಷದಿಂದ ಕೀಲುವಾತ ಇದೆ, ರುಮಟಾಯ್ಡ್ ಅಂತ ಹೇಳಿದ್ದಾರೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಾ 5 ಮಿ.ಗ್ರಾಂ. ಪ್ರೆಡ್ನಿಸೊಲೋನ್ ನುಂಗುತ್ತಾರೆ. ಹೋದ ವರ್ಷ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಯಿತು. ಬೆಂಗಳೂರಿನಲ್ಲಿ 3 ವಾರಕ್ಕೊಮ್ಮೆ ಪೆಂಬ್ರೋಲಿಜುಮ್ಯಾಬ್ ಇಂಜೆಕ್ಷನ್ ಕೊಡುತ್ತಿದ್ದಾರೆ. ಎರಡು ಆಗಿದೆ, ಮೂರನೆಯದು ಮುಂದಿನ ವಾರ. ಹತ್ತು ದಿನದಿಂದ ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ, 3 ಕೆ.ಜಿ. ಇಳಿದಿದ್ದಾರೆ. ಇಲ್ಲೇ ರಕ್ತ ಕೊಟ್ಟೆವು. ಟಿಎಸ್‌ಎಚ್ 0.01, ಫ್ರೀ ಟಿ4 3.4 ಬಂದಿದೆ. ಹತ್ತಿರದ ಡಾಕ್ಟರು ಕಾರ್ಬಿಮಜೋಲ್ ಬರೆದುಕೊಟ್ಟಿದ್ದಾರೆ, ಇನ್ನೂ ಶುರು ಮಾಡಿಲ್ಲ. ಕೀಲುವಾತ ಇರುವುದರಿಂದಲೇ ಹೀಗಾಯಿತಾ? ಈ ಮಾತ್ರೆ ಜೀವನಪೂರ್ತಿ ಬೇಕಾ? ನೆಂಟರೆಲ್ಲ ಇಂಜೆಕ್ಷನ್ ನಿಲ್ಲಿಸಿ ಅಂತಿದ್ದಾರೆ, ನಿಲ್ಲಿಸಬೇಕಾ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಮುಂದಿನ ವಾರ ಅಂತ ಬರೆದಿದ್ದೀರಿ, ದಿನ ಕಡಿಮೆ ಇದೆ. ಬರೀ ಥೈರಾಯ್ಡ್ ಏರುಪೇರಾಯಿತು ಅಂತ ಇಮ್ಯುನೋಥೆರಪಿಯನ್ನು, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಅವ್ವನ ಈ ಇಂಜೆಕ್ಷನ್ನನ್ನು, ಪೂರ್ತಿ ನಿಲ್ಲಿಸುವ ಪ್ರಸಂಗ ಬಹಳ ಕಡಿಮೆ. ಎದೆ ಬಡಿತ ತುಂಬಾ ಜೋರಿದ್ದರೆ, ಎದ್ದು ಓಡಾಡಲೂ ಆಗದಿದ್ದರೆ ಒಂದೆರಡು ವಾರ ಮುಂದೆ ಹಾಕಬಹುದು. ಅದನ್ನು ನಿಮ್ಮ ಕ್ಯಾನ್ಸರ್ ಡಾಕ್ಟರು ಅವ್ವನನ್ನು ನೋಡಿ ಹೇಳಬೇಕು, ನೆಂಟರಲ್ಲ. ರಿಪೋರ್ಟನ್ನು ಇವತ್ತೇ ಅವರಿಗೆ ವಾಟ್ಸಾಪ್ ಮಾಡಿ. ಮುಂದಿನ ವಾರ ಕೈಯಲ್ಲಿ ಹಿಡಿದು ಹೋಗಿ ತೋರಿಸಿದರಾಯಿತು ಅಂತ ಕಾಯಬೇಡಿ.

ಇನ್ನು ಥೈರಾಯ್ಡ್ ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ. ಶುರು ಮಾಡಿಲ್ಲ ಅಂದಿರಲ್ಲ, ಓದಿ ಸಮಾಧಾನ ಆಯಿತು. ಬರೆದುಕೊಟ್ಟ ಡಾಕ್ಟರದ್ದು ತಪ್ಪು ಅಂತಲ್ಲ. ಟಿ4 ಅಂದರೆ ಥೈರಾಯ್ಡ್ ತಯಾರಿಸುವ ಹಾರ್ಮೋನ್, ಟಿಎಸ್‌ಎಚ್ ಅಂದರೆ ಅದನ್ನು ತಯಾರಿಸು ಅಂತ ಮೆದುಳಿನ ಬುಡದಿಂದ ಬರುವ ಅಪ್ಪಣೆ. ಟಿಎಸ್‌ಎಚ್ ತಳ ಮುಟ್ಟಿ ಟಿ4 ಮೇಲೇರಿದ್ದರೆ ನೂರಕ್ಕೆ ಎಂಬತ್ತು ಕಡೆ ಯಾರಾದರೂ ಅದನ್ನೇ ಬರೆಯುತ್ತಾರೆ. ಆದರೆ ನಿಮ್ಮ ಅವ್ವನ ಕಥೆ ಬೇರೆ. ಆ ಇಂಜೆಕ್ಷನ್ ಮಾಡುವ ಕೆಲಸ ಗೊತ್ತಾದರೆ ಯಾಕೆ ಬೇರೆ ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ನಮ್ಮ ರಕ್ತದಲ್ಲಿ ಟಿ ಕಣ ಅಂತ ಒಂದು ಬಗೆಯ ಬಿಳಿ ರಕ್ತಕಣಗಳಿವೆ. ಹೊರಗಿನದು ಏನು ಕಂಡರೂ ಹಾಯುವ ಗೂಳಿಗಳು ಅಂದುಕೊಳ್ಳಿ. ಅವು ನಮ್ಮ ಮೈಯನ್ನೇ ಹಾಯಬಾರದು ಅಂತ ದೇಹವೇ ಅವಕ್ಕೆ ಮೂಗುದಾರ ಹಾಕಿಟ್ಟಿದೆ. ಪಿಡಿ-1 ಅಂಥ ಒಂದು ಮೂಗುದಾರ. ಕ್ಯಾನ್ಸರ್ ಗಡ್ಡೆ ಬಲು ಜಾಣ, ಆ ದಾರವನ್ನು ತಾನೇ ಹಿಡಿದು ಜಗ್ಗಿ ಗೂಳಿಯನ್ನು ನಿಲ್ಲಿಸಿಬಿಡುತ್ತದೆ. ಪೆಂಬ್ರೋಲಿಜುಮ್ಯಾಬ್, ನಿವೋಲುಮ್ಯಾಬ್ ಔಷಧಿಗಳು ಆ ದಾರ ಗಡ್ಡೆಯ ಕೈಗೆ ಸಿಗದ ಹಾಗೆ ಮಾಡುತ್ತವೆ. ಮುಂದಿನದ್ದನ್ನು ಗೂಳಿ ನೋಡಿಕೊಳ್ಳುತ್ತದೆ. ಈ ದಾರಿ ತೋರಿಸಿದ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೋಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು.

ಆದರೆ ದಾರ ಬಿಚ್ಚಿದ ಗೂಳಿ ಗಡ್ಡೆಯನ್ನಷ್ಟೇ ಹಾಯುತ್ತದೆ ಅಂತ ಯಾರು ಹೇಳಿದರು? ಪಕ್ಕದ ಹೊಲಕ್ಕೂ ನುಗ್ಗುತ್ತದೆ. ಚರ್ಮ, ಕರುಳು, ಲಿವರ್, ಶ್ವಾಸಕೋಶ, ಹಾರ್ಮೋನ್ ಗ್ರಂಥಿಗಳು, ಎಲ್ಲಿಗೆ ಬೇಕಾದರೂ ನುಗ್ಗಬಹುದು. ಹಾರ್ಮೋನ್ ಗ್ರಂಥಿಗಳ ಪೈಕಿ ಜಾಸ್ತಿ ಪೆಟ್ಟು ಬೀಳುವುದು ಥೈರಾಯ್ಡಿಗೆ. 2018ರಲ್ಲಿ 38 ಪ್ರಯೋಗಗಳ 7,551 ರೋಗಿಗಳ ಲೆಕ್ಕ ಒಟ್ಟು ಮಾಡಿ ನೋಡಿದ್ದರು. ಪಿಡಿ-1 ಔಷಧಿ ಒಂದೇ ಪಡೆದವರಲ್ಲಿ ನೂರಕ್ಕೆ ಸುಮಾರು 7 ಜನರ ಥೈರಾಯ್ಡ್ ಹಾರ್ಮೋನ್ ಕುಗ್ಗಿತ್ತು. ಇಪಿಲಿಮುಮ್ಯಾಬ್ ಅನ್ನೋ ಇನ್ನೊಂದು ಔಷಧಿಯನ್ನು ಜೊತೆಗೆ ಕೊಟ್ಟಲ್ಲಿ ನೂರಕ್ಕೆ 13.

ನಮ್ಮ ಕಡೆಯ ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಚನ್ನಗಿರಿ, ಹೊಳಲ್ಕೆರೆ ಅಡಿಕೆ ಸೀಮೆ. ಅಡಿಕೆ ಬೆಳೆಯುವುದು ಬೇರೆ, ಅಡಿಕೆ ತಂಬಾಕು ಗುಟ್ಕಾವನ್ನು ಬಾಯಲ್ಲಿ ಇಟ್ಟುಕೊಂಡೇ ಇರುವುದು ಬೇರೆ. ಬಾಯಿ ಕ್ಯಾನ್ಸರ್ ನಮ್ಮಲ್ಲಿ ಸಾಲುಗಟ್ಟಿ ಬರುತ್ತದೆ. ಈ ಔಷಧಿಗಳ ಬೆಲೆ ಮಾತ್ರ ರೈತನ ಕೈಗೆ ನಿಲುಕುವಂಥದ್ದಲ್ಲ. ಅದಕ್ಕೇ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ಮಾತ್ರೆಯ ಕೀಮೋ ಜೊತೆ ಬರೀ 20 ಮಿ.ಗ್ರಾಂ. ನಿವೋಲುಮ್ಯಾಬ್ ಕೊಟ್ಟು ನೋಡಿದರು. ಒಂದು ವರ್ಷ ಬದುಕಿದವರು ನೂರಕ್ಕೆ 16ರಿಂದ 43ಕ್ಕೆ ಏರಿದರು. ಇದನ್ನು ಯಾಕೆ ಹೇಳಿದೆ ಅಂದ್ರೆ, ಡೋಸ್ ಚಿಕ್ಕದು ಅಂತ ಥೈರಾಯ್ಡ್ ಟೆಸ್ಟ್ ಬಿಡುವವರು ಇದ್ದಾರೆ. ಬಿಡಬಾರದು.

ಈಗ ನಿಮ್ಮ ಅವ್ವನ ಕುತ್ತಿಗೆಯೊಳಗೆ ಏನಾಗಿರಬಹುದು ನೋಡೋಣ. ನಿಮ್ಮ ಊರಲ್ಲಿ ಹಿಂದೆ ನೆಲದೊಳಗೆ ಹಗೇವು ಇರುತ್ತಿತ್ತು ಅಲ್ವಾ? ಜೋಳ, ರಾಗಿ ತುಂಬಿ ಬಾಯಿ ಮುಚ್ಚಿಡುತ್ತಿದ್ದರು. ಥೈರಾಯ್ಡ್ ಗ್ರಂಥಿಯೂ ಹಾಗೇ. ಬೆಳೆಯುವ ಹೊಲವೂ ಅದೇ, ಕೂಡಿಡುವ ಹಗೇವೂ ಅದೇ. ಎರಡು ಮೂರು ತಿಂಗಳಿಗೆ ಆಗುವಷ್ಟು ಹಾರ್ಮೋನ್ ಅದರಲ್ಲಿ ಸದಾ ದಾಸ್ತಾನು ಇರುತ್ತದೆ. ಗೂಳಿ ನುಗ್ಗಿ ಹಗೇವು ಒಡೆಯಿತು ಅನ್ನಿ. ಕೂಡಿಟ್ಟ ಕಾಳೆಲ್ಲ ಒಂದೇ ಸಲಕ್ಕೆ ಬೀದಿಗೆ ಚೆಲ್ಲುತ್ತದೆ. ರಕ್ತದಲ್ಲಿ ಟಿ4 ಏರುತ್ತದೆ, ಎದೆ ಬಡಿಯುತ್ತದೆ, ಕೈ ನಡುಗುತ್ತದೆ, ಬೆವರುತ್ತದೆ, ತೂಕ ಇಳಿಯುತ್ತದೆ. ಚೆಲ್ಲಿದ್ದು ಖಾಲಿಯಾಗಲು ಕೆಲವು ವಾರ ಬೇಕು. ಅಷ್ಟರಲ್ಲಿ ಹೊಲವೂ ಹಾಳಾಗಿರುತ್ತದೆ, ಹೊಸ ಬೆಳೆ ಇಲ್ಲ. ಏರಿದ್ದು ಇಳಿಯುತ್ತದೆ, ಇಳಿದದ್ದು ನೆಲ ಕಚ್ಚುತ್ತದೆ.

ಕಾರ್ಬಿಮಜೋಲ್ ಮಾಡುವುದು ಹೊಸ ಬೆಳೆಯನ್ನು ತಡೆಯುವ ಕೆಲಸ. ಈಗಾಗಲೇ ಬೀದಿಗೆ ಚೆಲ್ಲಿದ ಕಾಳಿಗೆ ಅದು ಏನೂ ಮಾಡಲಾರದು. ಮೇಲಾಗಿ ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ಇಳಿಸುತ್ತದೆ. ಮೆಥೊಟ್ರೆಕ್ಸೇಟ್ ಕೂಡ ಅವನ್ನು ಇಳಿಸಬಹುದು, ಅದನ್ನು ನುಂಗುವ ಅವ್ವನಿಗೆ ಸುಮ್ನೆ ಇನ್ನೊಂದು ಅಪಾಯ ಯಾಕೆ? ಈ ಹಂತದಲ್ಲಿ ಬೇಕಾಗುವುದು ಎದೆ ಬಡಿತ ತಗ್ಗಿಸುವ ಮಾತ್ರೆ, ಪ್ರೊಪ್ರನೊಲೋಲ್ ಅಥವಾ ಅಟೆನೊಲೋಲ್ ಥರದ್ದು. ಅದೂ ಕೆಲವು ವಾರ ಅಷ್ಟೆ. ಅವ್ವನಿಗೆ ಗೂರಲು, ದಮ್ಮು ಇದ್ದರೆ ಮೊದಲೇ ಹೇಳಿ. ಪ್ರೊಪ್ರನೊಲೋಲ್ ದಮ್ಮಿನವರಿಗೆ ಆಗಿಬರುವುದಿಲ್ಲ.

ಎಲ್ಲರದ್ದೂ ಹಗೇವು ಒಡೆದ ಕಥೆಯೇ ಅಂತಲ್ಲ. ಅಪರೂಪಕ್ಕೆ ನಿಜವಾದ ಗ್ರೇವ್ಸ್ ಕಾಯಿಲೆ ಬರುತ್ತದೆ. ಅಲ್ಲಿ ಗ್ರಂಥಿ ಹುಚ್ಚು ಹಿಡಿದ ಹಾಗೆ ಹೊಸ ಹಾರ್ಮೋನ್ ತಯಾರಿಸುತ್ತದೆ, ಆಗ ಕಾರ್ಬಿಮಜೋಲ್ ಬೇಕೇ ಬೇಕು. ಬೇರೆ ಮಾಡಿ ನೋಡಲು ಟಿಎಸ್‌ಎಚ್ ರಿಸೆಪ್ಟರ್ ಆಂಟಿಬಾಡಿ ಅಂತ ಒಂದು ರಕ್ತಪರೀಕ್ಷೆ ಇದೆ. ಕಣ್ಣುಗುಡ್ಡೆ ಮುಂದೆ ಬಂದಿದ್ದರೆ, ಏರಿದ ಟಿ4 ಆರು ವಾರವಾದರೂ ಇಳಿಯದಿದ್ದರೆ ಗ್ರೇವ್ಸ್ ಅನುಮಾನ ಗಟ್ಟಿಯಾಗುತ್ತದೆ. ಥೈರಾಯ್ಡ್ ಸ್ಕ್ಯಾನ್‌ನಲ್ಲೂ ಗೊತ್ತಾಗುತ್ತದೆ. ಆದರೆ ಅವ್ವನಿಗೆ ಇತ್ತೀಚೆಗೆ ಕಾಂಟ್ರಾಸ್ಟ್ ಹಾಕಿ ಸಿಟಿ ಮಾಡಿದ್ದರೆ ಅದರ ಅಯೋಡಿನ್ ಈ ಸ್ಕ್ಯಾನನ್ನು ವಾರಗಟ್ಟಲೆ ಕೆಡಿಸುತ್ತದೆ. ಹಾಗಾಗಿ ರಕ್ತಪರೀಕ್ಷೆಯೇ ಮೇಲು. ಅದು ಬರುವ ತನಕ ಕಾರ್ಬಿಮಜೋಲ್ ತಡೆದಿಡಬಹುದಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಇಮ್ಯುನೋಥೆರಪಿ ನಡೆಯುತ್ತಿದೆ ಅಂತ ಅವರಿಗೆ ಗೊತ್ತಿತ್ತಾ? ಎಷ್ಟೋ ಸಲ ಮನೆಯವರು ಬರೀ ಕೀಮೋ ಅಂತ ಹೇಳಿಬಿಡುತ್ತಾರೆ. ಈ ಎರಡಕ್ಕೂ ಅಜಗಜಾಂತರ.

ಅಂದ ಹಾಗೆ, ಕೂದಲಿಗೆ ಅಂತ ಬಯೋಟಿನ್ ಮಾತ್ರೆ ಏನಾದರೂ ನುಂಗುತ್ತಾರಾ? ಅದು ಕೆಲವು ಲ್ಯಾಬ್ ಯಂತ್ರಗಳನ್ನು ಮೋಸ ಮಾಡಿ, ಇಲ್ಲದ ಥೈರಾಯ್ಡ್ ಕಾಯಿಲೆಯನ್ನು ಇದೆ ಅಂತ ತೋರಿಸುತ್ತದೆ. ರಕ್ತ ಕೊಡುವ ಎರಡು ಮೂರು ದಿನ ಮೊದಲೇ ನಿಲ್ಲಿಸಿ. ಅವ್ವನಿಗೆ ಲಕ್ಷಣಗಳೂ ಇರುವುದರಿಂದ ಇದು ಬಯೋಟಿನ್ ಆಟ ಅಂತ ನನಗನಿಸುವುದಿಲ್ಲ, ಆದರೂ ಕೇಳುವುದು ನನ್ನ ಅಭ್ಯಾಸ.

ಮುಂದೆ ಏನು? ಒಂದು ಎರಡು ತಿಂಗಳಲ್ಲಿ ಗಾಳಿ ತಿರುಗುತ್ತದೆ. ನಾನು ಜಾಸ್ತಿ ಹೆದರುವುದು ಈ ತಿರುವಿಗೇ, ಯಾಕಂದ್ರೆ ಅದು ಸದ್ದಿಲ್ಲದೆ ಬರುತ್ತದೆ. ಎದೆ ಬಡಿತ ನಿಂತಿತು, ಅವ್ವ ಹುಷಾರಾದರು ಅಂತ ಮನೆಯವರು ನೆಮ್ಮದಿಯಾಗುತ್ತಾರೆ. ಆಮೇಲೆ ಸುಸ್ತು ಶುರುವಾಗುತ್ತದೆ. ಕ್ಯಾನ್ಸರ್ ಅಲ್ವಾ, ಸುಸ್ತು ಇರುತ್ತೆ ಬಿಡಿ ಅಂತಾರೆ. ಮಲಬದ್ಧತೆ ಬಂದರೆ ವಯಸ್ಸಾಯಿತು ಅಂತಾರೆ. ದಾವಣಗೆರೆಯಲ್ಲಿ ಏಪ್ರಿಲ್ ಬಿಸಿಲು ಹೇಗಿರುತ್ತದೆ ನಿಮಗೆ ಗೊತ್ತು. ಅಂಥ ಬಿಸಿಲಲ್ಲಿ ಒಬ್ಬ ಹೆಣ್ಣುಮಗಳು ಸ್ವೆಟರ್ ಹಾಕಿ, ಮೇಲೊಂದು ಶಾಲು ಹೊದ್ದು ನನ್ನ ಕೋಣೆಯೊಳಗೆ ಬಂದರು. ಫ್ಯಾನ್ ಆಫ್ ಮಾಡಿ ಅಂದರು. ಧ್ವನಿ ಒಡೆದಿತ್ತು, ಮುಖ ಊದಿತ್ತು. ಅದೂ ಇಮ್ಯುನೋಥೆರಪಿ ಪಡೆದವರೇ. ಟಿಎಸ್‌ಎಚ್ ನೂರು ದಾಟಿತ್ತು. ಎರಡು ತಿಂಗಳ ಹಿಂದಿನ ರಿಪೋರ್ಟಿನಲ್ಲಿ ನಿಮ್ಮ ಅವ್ವನ ಹಾಗೇ 0.01 ಇತ್ತು. ನಡುವೆ ಒಬ್ಬರೂ ರಕ್ತ ಪರೀಕ್ಷೆ ಮಾಡಿಸಿರಲಿಲ್ಲ.

ಹಾಗಾಗಿ ಈಗ ಎರಡು ಮೂರು ವಾರಕ್ಕೊಮ್ಮೆ ಟಿಎಸ್‌ಎಚ್, ಫ್ರೀ ಟಿ4 ಎರಡನ್ನೂ ಮಾಡಿಸಿ. ಇಂಜೆಕ್ಷನ್ನೂ 3 ವಾರಕ್ಕೊಮ್ಮೆ ಇರುವುದರಿಂದ ಜೊತೆಗೇ ಮುಗಿಯುತ್ತದೆ. ಟಿಎಸ್‌ಎಚ್ ಒಂದೇ ಸಾಲದು. ಅದು ಏಳಲು ಸೋಮಾರಿ, ಟಿ4 ಕುಸಿದು ಕೆಲವು ವಾರ ಕಳೆದ ಮೇಲೆ ಏಳುತ್ತದೆ.

ಥೈರಾಯ್ಡ್ ಕುಗ್ಗಿದರೆ ಥೈರಾಕ್ಸಿನ್ ಮಾತ್ರೆ, ಅಂದರೆ ಆ ಟಿ4 ಹಾರ್ಮೋನೇ ಮಾತ್ರೆಯ ರೂಪದಲ್ಲಿ. ಹೆಚ್ಚಿನವರಿಗೆ ಅದು ಜೀವನಪೂರ್ತಿ. ಇದು ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಕಾರ್ಬಿಮಜೋಲ್ ಬಹುಶಃ ಒಂದು ದಿನಕ್ಕೂ ಬೇಡ, ಥೈರಾಕ್ಸಿನ್ ಬಹುಶಃ ಕೊನೇತನಕ. ಪೂರ್ತಿ ಡೋಸ್ ಅಂದರೆ ತೂಕದ ಕಿಲೋ ಒಂದಕ್ಕೆ ಸುಮಾರು 1.6 ಮೈಕ್ರೋಗ್ರಾಂ. ಅವ್ವನ ತೂಕ 50 ಕೆ.ಜಿ. ಇದ್ದರೆ ಸುಮಾರು 75 ಅಥವಾ 88. ವಯಸ್ಸು, ಹೃದಯ ನೋಡಿಕೊಂಡು 25ರಿಂದ 50ಕ್ಕೆ ಶುರು ಮಾಡಿ ಆರು ವಾರಕ್ಕೊಮ್ಮೆ ಏರಿಸುತ್ತೇವೆ. ಅಗ್ಗದ ಮಾತ್ರೆ, ಊರಿನ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಇಷ್ಟು ಸುಲಭದ ಒಂದು ತೊಂದರೆಗೆ ಹೆದರಿ ಕ್ಯಾನ್ಸರ್ ಔಷಧಿ ಬಿಡುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಕೀಲುವಾತದವರಿಗೆ ಇಲ್ಲೊಂದು ತೊಡಕಿದೆ, ಅದರಲ್ಲಿ ನಾನೇ ಎಡವಿದ್ದೇನೆ. ಒಬ್ಬ ಅಜ್ಜಿಗೆ ಥೈರಾಕ್ಸಿನ್ ಎಷ್ಟು ಏರಿಸಿದರೂ ಟಿಎಸ್‌ಎಚ್ ಇಳಿಯಲೇ ಇಲ್ಲ. 75 ಆಯಿತು, 100 ಆಯಿತು, 125 ಬರೆದೆ. ಮಾತ್ರೆ ತಗೊಳ್ತಿಲ್ಲ ಅಂತ ಅಜ್ಜಿಗೇ ಗದರಿದೆ. ಅವರು ಒಂದು ಮಾತೂ ಆಡದೆ ಸೊಂಟದಿಂದ ಎಲೆಅಡಿಕೆ ಚೀಲ ತೆಗೆದರು. ಒಂದು ಅರೆಯಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಇನ್ನೊಂದರಲ್ಲಿ ಒಂದೊಂದು ದಿನದ್ದು ಒಂದೊಂದು ಕಾಗದದಲ್ಲಿ ಮಡಚಿದ ಮಾತ್ರೆಗಳು. ಒಂದು ಮಡಿಕೆ ಬಿಚ್ಚಿ ನನ್ನ ಟೇಬಲ್ ಮೇಲಿಟ್ಟರು. ಪುಟ್ಟ ಬಿಳಿ ಥೈರಾಕ್ಸಿನ್, ಪಕ್ಕದಲ್ಲೇ ಮೂಳೆಗೆ ಅಂತ ಕೊಟ್ಟ ದಪ್ಪ ಕ್ಯಾಲ್ಸಿಯಂ. ದಿನಾ ಬೆಳಗ್ಗೆ ಎರಡೂ ಒಟ್ಟಿಗೆ, ಅದೂ ಚಹಾ ಜೊತೆ. ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಥೈರಾಕ್ಸಿನ್ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಬಿಡುವುದಿಲ್ಲ. ಅಜ್ಜಿದು ತಪ್ಪಿಲ್ಲ, ಹೇಳದೇ ಇದ್ದ ನನ್ನದು. ಕ್ಯಾಲ್ಸಿಯಂ ರಾತ್ರಿಗೆ ಹಾಕಿದೆ, ಥೈರಾಕ್ಸಿನ್ ಮತ್ತೆ 75ಕ್ಕೆ ಇಳಿಸಿದೆ, ಅಷ್ಟಕ್ಕೇ ಸರಿಹೋಯಿತು.

ಪ್ರೆಡ್ನಿಸೊಲೋನ್ ಒಂದು ಸ್ಟೀರಾಯ್ಡ್, ನಿಮ್ಮ ಅವ್ವನೂ ಅದರ ಜೊತೆ ಕ್ಯಾಲ್ಸಿಯಂ ನುಂಗುತ್ತಿರಬಹುದು. ಥೈರಾಕ್ಸಿನ್ ಶುರುವಾದರೆ ಬೆಳಗ್ಗೆ ಎದ್ದ ಕೂಡಲೇ ಬರೀ ನೀರಿನಲ್ಲಿ, ಚಹಾ ತಿಂಡಿ ಅರ್ಧ ಮುಕ್ಕಾಲು ಗಂಟೆ ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ. ಪಥ್ಯ ಏನೂ ಇಲ್ಲ. ಎಲೆಕೋಸು ಬಿಡಿ, ಉಪ್ಪು ಬದಲಿಸಿ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ತೂಕ ಇಳಿದವರಿಗೆ ಬೆಣ್ಣೆದೋಸೆ ಕೊಡಬಹುದಾ ಅಂತ ಒಬ್ಬರು ಕೇಳಿದ್ದರು. ದಾವಣಗೆರೆಯಲ್ಲಿ ಕೂತು ಬೇಡ ಅನ್ನುವ ಧೈರ್ಯ ನನಗಿಲ್ಲ.

ಇನ್ನೊಂದು ಸಂಗತಿ ನಿಧಾನವಾಗಿ ಓದಿ. ಈಗ ಅವ್ವನ ರಿಪೋರ್ಟಿನಲ್ಲಿ ಟಿಎಸ್‌ಎಚ್ ಕಡಿಮೆ, ಟಿ4 ಜಾಸ್ತಿ. ಮುಂದೆ ಯಾವಾಗಲಾದರೂ ಟಿಎಸ್‌ಎಚ್ ಕಡಿಮೆ, ಟಿ4 ಕೂಡ ಕಡಿಮೆ ಅಂತ ಬಂದರೆ? ಕೆಲವು ಸಲ ಅದು ಬರೀ ತಿರುವಿನ ಹಂತ. ಇನ್ನು ಕೆಲವು ಸಲ ಪೆಟ್ಟು ಬಿದ್ದದ್ದು ಕುತ್ತಿಗೆಗಲ್ಲ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ. ಥೈರಾಯ್ಡಿಗೂ, ಕಾರ್ಟಿಸಾಲ್ ಅನ್ನೋ ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿಗೂ ಅಪ್ಪಣೆ ಹೋಗುವುದು ಅಲ್ಲಿಂದಲೇ. ಇಪಿಲಿಮುಮ್ಯಾಬ್ ಪಡೆದವರಲ್ಲಿ ಇದು ಜಾಸ್ತಿ, ಪೆಂಬ್ರೋಲಿಜುಮ್ಯಾಬ್‌ನಲ್ಲಿ ಅಪರೂಪ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಅಂಥ ಹೊತ್ತಿನಲ್ಲಿ ಟಿ4 ಕಡಿಮೆ ಇದೆ ಅಂತ ನೇರ ಥೈರಾಕ್ಸಿನ್ ಕೊಟ್ಟರೆ ಅನಾಹುತ. ಥೈರಾಕ್ಸಿನ್ ದೇಹದ ಓಟವನ್ನು ಏರಿಸುತ್ತದೆ, ಓಡಲು ಬೇಕಾದ ಕಾರ್ಟಿಸಾಲ್ ಇಲ್ಲದಿದ್ದರೆ ರೋಗಿ ಬಿಪಿ ಇಳಿದು ಕುಸಿಯುತ್ತಾರೆ. ಮೊದಲು ಕಾರ್ಟಿಸಾಲ್ ನೋಡಬೇಕು. ಕಡಿಮೆ ಇದ್ದರೆ ಮೊದಲು ಸ್ಟೀರಾಯ್ಡ್, ಆಮೇಲೆ ಥೈರಾಕ್ಸಿನ್. ಈ ಸರತಿ ತಪ್ಪಬಾರದು.

ನಿಮ್ಮ ಅವ್ವನ ವಿಷಯದಲ್ಲಿ ಇದಕ್ಕೆ ಇನ್ನೊಂದು ಗಂಟು ಸೇರಿದೆ. ವರ್ಷಗಟ್ಟಲೆ ಪ್ರೆಡ್ನಿಸೊಲೋನ್ ನುಂಗಿದವರ ಅಡ್ರಿನಲ್ ಗ್ರಂಥಿ ನಿದ್ದೆ ಹೋಗಿರುತ್ತದೆ. ಆ 5 ಮಿ.ಗ್ರಾಂ. ಮಾತ್ರೆಯನ್ನು ಯಾರು ಹೇಳಿದರೂ ಫಕ್ಕನೆ ನಿಲ್ಲಿಸಬೇಡಿ. ಮತ್ತೆ, ಕೀಲುನೋವಿಗೆ ಅಂತ ಯಾವುದಾದರೂ ಹೆಸರಿಲ್ಲದ ಪುಡಿ, ಗುಳಿಗೆ ತರಿಸಿಕೊಂಡು ತಿನ್ನುತ್ತಿದ್ದರೆ ಮುಚ್ಚಿಡದೆ ಹೇಳಿ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸುವುದು ಹೊಸದೇನಲ್ಲ. ತಿಂದ ಎರಡನೇ ದಿನಕ್ಕೇ ಮಂಡಿ ಮಡಚುವ ಹಾಗಾದರೆ ನನಗೆ ಮೊದಲು ಬರುವುದು ಅದೇ ಅನುಮಾನ.

ಈಗ ಕೀಲುವಾತದಿಂದಲೇ ಹೀಗಾಯಿತಾ ಅನ್ನುವ ಪ್ರಶ್ನೆ. ರುಮಟಾಯ್ಡ್ ಅಂದರೆ ಟಿ ಕಣಗಳು ಮೊದಲೇ ತಮ್ಮವರ ಮೇಲೆ ಹಾಯ್ದು ರೂಢಿಯಾದ ಕಾಯಿಲೆ. ಇಂಥ ಕಾಯಿಲೆಗಳು ಒಂದೇ ಮೈಯಲ್ಲಿ ಜೊತೆಗೂಡುವುದುಂಟು, ಕೀಲುವಾತದವರಲ್ಲಿ ಥೈರಾಯ್ಡ್ ತೊಂದರೆ ಉಳಿದವರಿಗಿಂತ ಸ್ವಲ್ಪ ಜಾಸ್ತಿ. ಆದರೆ ಇಂಜೆಕ್ಷನ್ ಆದಮೇಲೆ ಥೈರಾಯ್ಡ್ ಕೆಡುತ್ತದೋ ಇಲ್ಲವೋ ಅನ್ನೋದಕ್ಕೆ ಕೀಲುವಾತಕ್ಕಿಂತ ಒಳ್ಳೆ ಸುಳಿವು ಆಂಟಿ ಟಿಪಿಒ ಆಂಟಿಬಾಡಿ, ಅಂದರೆ ದೇಹ ತನ್ನ ಥೈರಾಯ್ಡಿನ ವಿರುದ್ಧವೇ ತಯಾರಿಸುವ ಪ್ರತಿಕಾಯ. ಚಿಕಿತ್ಸೆಗೆ ಮೊದಲೇ ಅದು ಪಾಸಿಟಿವ್ ಇದ್ದವರಲ್ಲಿ ಅಪಾಯ ಹೆಚ್ಚು. ಈಗ ಮಾಡಿಸಿದರೆ ಚಿಕಿತ್ಸೆಯೇನೂ ಬದಲಾಗದು, ದುಡ್ಡು ಉಳಿಸಿ. ಕೀಲುವಾತವೇ ಇಲ್ಲದವರಲ್ಲೂ ಈ ಔಷಧಿ ಇದನ್ನೇ ಮಾಡುತ್ತದೆ, ಆದ್ದರಿಂದ ಅವ್ವನ ಹಳೇ ಕಾಯಿಲೆಯ ಮೇಲೆ ಎಲ್ಲಾ ಹೊರೆ ಹಾಕಬೇಡಿ.

ಕೀಲುವಾತದ ನಿಜವಾದ ಸಮಸ್ಯೆ ಕೀಲುಗಳಲ್ಲೇ ಬರುತ್ತದೆ. ಕೀಲುವಾತದ ಹಾಗೆ ದೇಹ ತನ್ನನ್ನೇ ಹಾಯುವ ಆಟೋಇಮ್ಯೂನ್ ಕಾಯಿಲೆ ಇದ್ದವರನ್ನು ಈ ಔಷಧಿಗಳ ದೊಡ್ಡ ಪ್ರಯೋಗಗಳಿಂದ ಬಹುಪಾಲು ಹೊರಗಿಟ್ಟಿದ್ದರು. ಆಮೇಲೆ ಕೊಟ್ಟು ನೋಡಿದವರ ಅನುಭವದಿಂದ ಕಲಿತಿದ್ದೇವೆ. 2017ರ ಒಂದು ವರದಿಯಲ್ಲಿ ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರ್ ಜೊತೆ ಆಟೋಇಮ್ಯೂನ್ ಕಾಯಿಲೆಯೂ ಇದ್ದ 52 ಜನರಿಗೆ ಪಿಡಿ-1 ಔಷಧಿ ಕೊಟ್ಟಿದ್ದರು. 20 ಜನರ ಹಳೇ ಕಾಯಿಲೆ ಕೆರಳಿತು. ರುಮಟಾಯ್ಡ್ ಇದ್ದ 13 ಜನರಲ್ಲಿ 7 ಮಂದಿಗೆ. ಆದರೆ ಕೆರಳಿತು ಅನ್ನೋ ಕಾರಣಕ್ಕೆ ಔಷಧಿ ಬಿಡಬೇಕಾಗಿ ಬಂದದ್ದು ಇಡೀ 52ರಲ್ಲಿ ಇಬ್ಬರಿಗೆ ಮಾತ್ರ. ಬೆಂಗಳೂರಿನ ಡಾಕ್ಟರು ಇದನ್ನೆಲ್ಲ ತೂಗಿ ನೋಡಿಯೇ ಇಂಜೆಕ್ಷನ್ ಶುರು ಮಾಡಿರುತ್ತಾರೆ. ಅವ್ವನ ಬೆರಳು ಬೆಳಗ್ಗೆ ಮಡಚಲಾಗದಷ್ಟು ಬಿಗಿಯಾದರೆ, ಮಂಡಿ ಊದಿದರೆ ಕೀಲಿನ ಡಾಕ್ಟರಿಗೆ ತೋರಿಸಿ, ಸ್ಟೀರಾಯ್ಡ್ ನೀವೇ ಏರಿಸಬೇಡಿ. ಶ್ವಾಸಕೋಶ ಕ್ಯಾನ್ಸರಿನ 640 ರೋಗಿಗಳ 2018ರ ವರದಿಯೊಂದರಲ್ಲಿ, ಇಮ್ಯುನೋಥೆರಪಿ ಶುರುವಾಗುವಾಗ ದಿನಕ್ಕೆ 10 ಮಿ.ಗ್ರಾಂ. ಅಥವಾ ಜಾಸ್ತಿ ಪ್ರೆಡ್ನಿಸೊಲೋನ್‌ನಷ್ಟು ಸ್ಟೀರಾಯ್ಡ್ ಮೇಲಿದ್ದವರಿಗೆ ಔಷಧಿ ಅಷ್ಟಾಗಿ ಹಿಡಿದಿರಲಿಲ್ಲ. ಅವರು ಮೊದಲೇ ಹೆಚ್ಚು ಕಾಯಿಲೆಯವರು ಅನ್ನುವುದೂ ಅದಕ್ಕೊಂದು ಕಾರಣ. ಅವ್ವನದು 5, ಆ ಗೆರೆಯ ಕೆಳಗಿದೆ. ಥೈರಾಯ್ಡಿನ ಈ ಪೆಟ್ಟಿಗೂ ಸಾಮಾನ್ಯವಾಗಿ ಸ್ಟೀರಾಯ್ಡ್ ಬೇಕಿಲ್ಲ, ಕೊಟ್ಟರೂ ಗ್ರಂಥಿ ಉಳಿಯುವುದಿಲ್ಲ.

ಥೈರಾಯ್ಡ್ ಕೆಟ್ಟರೆ ಔಷಧಿ ಕೆಲಸ ಮಾಡುತ್ತಿದೆ ಅಂತ ಅರ್ಥ ಅಂತೆ, ಹೌದಾ ಅಂತ ಮುಂದೆ ಯಾರಾದರೂ ನಿಮ್ಮನ್ನು ಕೇಳಬಹುದು. ಕೆಲವು ಅಧ್ಯಯನಗಳಲ್ಲಿ ಹಾಗೆ ಕಂಡಿದೆ. ಜಾಸ್ತಿ ದಿನ ಬದುಕಿದವರಿಗೆ ಥೈರಾಯ್ಡ್ ಕೆಡಲು ಜಾಸ್ತಿ ಸಮಯವೂ ಸಿಗುತ್ತದೆ ಅನ್ನೋದನ್ನ ಮರೆಯಬೇಡಿ. ಗಡ್ಡೆ ಕರಗಿತಾ ಇಲ್ಲವಾ ಅಂತ ಸಿಟಿಯಲ್ಲೇ ನೋಡಬೇಕು.

ಥೈರಾಯ್ಡಿಗಿಂತ ಜೋರಾಗಿ ಹೆದರಬೇಕಾದ ಸಂಗತಿಗಳು ಬೇರೆ ಇವೆ. ಒಣಕೆಮ್ಮು ಹೊಸದಾಗಿ ಶುರುವಾಗಿ ಉಸಿರು ಕಟ್ಟಿದರೆ, ದಿನಕ್ಕೆ ನಾಲ್ಕೈದು ಸಲ ಬೇಧಿಯಾದರೆ ಅಥವಾ ಅದರಲ್ಲಿ ರಕ್ತ ಕಂಡರೆ, ವಿಪರೀತ ಬಾಯಾರಿಕೆ ಮತ್ತು ಮೂತ್ರ ಶುರುವಾದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ರೆಪ್ಪೆ ಜೋತುಬಿದ್ದರೆ, ವಾಂತಿಯಾಗಿ ಬಿಪಿ ಇಳಿದರೆ ಬೆಳಗಾಗಲಿ ಅಂತ ಕಾಯಬೇಡಿ. ಚಿತ್ರದುರ್ಗವೋ ದಾವಣಗೆರೆಯೋ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ರಾತ್ರಿ ಡ್ಯೂಟಿಯ ಡಾಕ್ಟರಿಗೆ ಹೇಳುವ ಮೊದಲ ಮಾತು ಇಮ್ಯುನೋಥೆರಪಿ ನಡೀತಿದೆ ಅಂತಲೇ ಆಗಿರಲಿ. ಔಷಧಿಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಅವ್ವನ ಪರ್ಸಿನಲ್ಲಿಡಿ. ಇಂಜೆಕ್ಷನ್ ನಿಂತು ತಿಂಗಳುಗಳಾದ ಮೇಲೂ ಇವು ಬರಬಹುದು, ಚೀಟಿ ಎಸೆಯಬೇಡಿ.

ಮುಂದಿನ ವಾರಕ್ಕೆ ಒಂದು ಪ್ರಾಯೋಗಿಕ ಮಾತು. ಕಾರ್ಟಿಸಾಲ್ ಟೆಸ್ಟಿಗೆ ರಕ್ತ ಕೊಡಬೇಕಾದ್ದು ಬೆಳಗ್ಗೆ 8 ಗಂಟೆ ಸುಮಾರಿಗೆ. ಚಿಕ್ಕಜಾಜೂರಿನಲ್ಲಿ ಟ್ರೈನ್ ಹತ್ತಿ ಬೆಂಗಳೂರಿನ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ, ಆಗ ಕೊಟ್ಟ ರಕ್ತದಿಂದ ಉಪಯೋಗವಿಲ್ಲ. ಹೊರಡುವ ಎರಡು ದಿನ ಮೊದಲು ಹೊಳಲ್ಕೆರೆಯಲ್ಲೋ ದಾವಣಗೆರೆಯಲ್ಲೋ ಕೊಟ್ಟುಬಿಡಿ. ಆ ದಿನದ ಪ್ರೆಡ್ನಿಸೊಲೋನ್ ರಕ್ತ ಕೊಟ್ಟ ಮೇಲೆ ನುಂಗಲಿ, ತಪ್ಪಿಸುವುದು ಬೇಡ. ಸ್ಟೀರಾಯ್ಡ್ ಮೇಲಿರುವವರ ಕಾರ್ಟಿಸಾಲ್ ಹೇಗೂ ಕಡಿಮೆ ಬರಬಹುದು, ನಂಬರ್ ನೋಡಿ ಗಾಬರಿಯಾಗಬೇಡಿ. ಜೊತೆಗೆ ಟಿಎಸ್‌ಎಚ್, ಫ್ರೀ ಟಿ4, ಟಿಎಸ್‌ಎಚ್ ರಿಸೆಪ್ಟರ್ ಆಂಟಿಬಾಡಿ, ಸಕ್ಕರೆ, ಸೋಡಿಯಂ ಬರೆಸಿಕೊಳ್ಳಿ. ಒಂದು ಇಸಿಜಿ ಕೂಡ ಆಗಲಿ.

ಅಲ್ಲಿಯವರೆಗೆ ದಿನಾ ಬೆಳಗ್ಗೆ ಅವ್ವ ಎದ್ದು ಹತ್ತು ನಿಮಿಷ ಸುಮ್ಮನೆ ಕೂತ ಮೇಲೆ, ಮಣಿಕಟ್ಟು ಹಿಡಿದು ಒಂದು ಪೂರ್ತಿ ನಿಮಿಷ ನಾಡಿ ಎಣಿಸಿ ಕ್ಯಾಲೆಂಡರ್ ಮೇಲೆ ಬರೆದಿಡಿ. 120 ದಾಟಿದರೆ, ಅಥವಾ ಬಡಿತ ತಾಳ ತಪ್ಪಿ ಎಣಿಸಲಾಗದಂತೆ ಬರುತ್ತಿದ್ದರೆ, ಮುಂದಿನ ವಾರದ ಟಿಕೆಟ್ ಬದಿಗಿಟ್ಟು ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಬನ್ನಿ.